ಮಕ್ಕಳ ಮುಖ ನೋಡದೆ ಫಾರಿನ್ ಮಾಸ್ತರಾಗುವುದು ಹೇಗೆ

ಮೊದಲಿಗೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಕೋರ್ಸ್ ಮೊದಲು, ದೇಶ ಆಮೇಲೆ. ಯಾವ ದೇಶಕ್ಕೆ ಹೋಗಬೇಕು, ಅಲ್ಲಿ ಯಾರನ್ನು ಕರೆಯುತ್ತಾರೆ, ಯಾವ ಕಾಗದ ಕೇಳುತ್ತಾರೆ ಎಂದು ವಿಚಾರಿಸುತ್ತ ಕೂತರೆ ಕೋರ್ಸ್ ಕೊಳ್ಳುವ ಹುರುಪೇ ಇಳಿದುಹೋಗುತ್ತದೆ. ಬೀದರ್, ಭಾಲ್ಕಿ, ಔರಾದ್ ಕಡೆಯ ಪದವೀಧರರಿಗೆಂದೇ ಈ ಕೈಪಿಡಿ. ಬಿ.ಎ. ಆಗಿದೆ, ಬಿ.ಇಡಿ.ಗೆ ಎರಡು ವರ್ಷ ಕೊಡುವ ತಾಳ್ಮೆ ಇಲ್ಲ, ಪಿಡಿಒ ಪರೀಕ್ಷೆಯ ಪುಸ್ತಕಗಳು ಮೂಲೆ ಸೇರಿವೆ, ಫೋನಿನಲ್ಲಿ ಡೇಟಾ ಇದೆ. ಅರ್ಹತೆ ಇಷ್ಟೇ ಸಾಕು.

ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟನ್ನು ಹಗಲು ಹೊತ್ತು ಆರಿಸಬೇಡಿ. ಹಗಲು ಯಾರಾದರೂ ಬುದ್ಧಿವಂತರು ಎದುರಾಗಿ ಪ್ರಶ್ನೆ ಕೇಳುವ ಸಂಭವವಿದೆ. ರಾತ್ರಿ ಹನ್ನೊಂದು ದಾಟಲಿ, ಮನೆಯವರೆಲ್ಲ ಮಲಗಲಿ, ಆಗ ಫೋನ್ ಹಿಡಿಯಿರಿ. ಹದಿನೈದು ಸಾವಿರ ಎಂದು ಬರೆದು ಗೆರೆ ಎಳೆದು, ಕೆಳಗೆ ಸಾವಿರದ ನಾನೂರ ತೊಂಬತ್ತೊಂಬತ್ತು ಎಂದು ದಪ್ಪಕ್ಷರದಲ್ಲಿ ಹಾಕಿದ ಪುಟ ಸಿಗುವವರೆಗೂ ಹುಡುಕಿ. ಪಕ್ಕದಲ್ಲಿ ಕೆಂಪು ಗಡಿಯಾರವೊಂದು ಹಿಂದಕ್ಕೆ ಓಡುತ್ತಿರುತ್ತದೆ. ಪುಟ ಮುಚ್ಚಿ ಮತ್ತೆ ತೆರೆದರೆ ಅದು ಪುನಃ ಎರಡು ಗಂಟೆಯಿಂದ ಶುರುವಾಗುತ್ತದೆ. ಅನುಮಾನ ಪಡಬೇಡಿ. ನಿಮಗೆ ಇನ್ನೊಂದು ಅವಕಾಶ ಸಿಕ್ಕಿತು ಎಂದುಕೊಂಡು ದುಡ್ಡು ಕಟ್ಟಿ. ಔರಾದ್ ಕಡೆಯವರಾದರೆ ಸೋಯಾ ಮಾರಿದ ವಾರ ಇದಕ್ಕೆ ಪ್ರಶಸ್ತ. ಗೊಬ್ಬರದಂಗಡಿಯ ಬಾಕಿ ಮುಂದಿನ ಸಲ ತೀರಿಸಬಹುದು, ಕೆಂಪು ಗಡಿಯಾರ ಅಷ್ಟು ದಿನ ಕಾಯುವುದಿಲ್ಲ.

ಈಗ ಗಂಟೆಯ ಲೆಕ್ಕಕ್ಕೆ ಬನ್ನಿ. ಈ ವ್ಯವಹಾರದ ಮೂಲಮಂತ್ರವೇ 120 ಗಂಟೆ. ಕೇಂಬ್ರಿಜ್‌ನವರು ಕೊಡುವ ಸೆಲ್ಟಾ ಎಂಬ ಸರ್ಟಿಫಿಕೇಟ್ ಇದೆ, ಟ್ರಿನಿಟಿಯವರದೂ ಅಂಥದೇ ಒಂದಿದೆ. ಸುಮಾರು 120 ಗಂಟೆಯ ಓದು, ಅದರಲ್ಲಿ ಕನಿಷ್ಠ 6 ಗಂಟೆ ನಿಜವಾಗಿ ಇಂಗ್ಲಿಷ್ ಕಲಿಯಲು ಬಂದವರ ಮುಂದೆ ನಿಂತು ಪಾಠ ಮಾಡಬೇಕು. ಹಿಂದಿನ ಸಾಲಿನಲ್ಲಿ ತರಬೇತಿ ಕೊಡುವವರು ಕೂತು ಬರೆದುಕೊಳ್ಳುತ್ತಾರೆ. ನೀವು ಎಷ್ಟು ಮಾತಾಡಿದಿರಿ, ಕಲಿಯುವವರಿಗೆ ಎಷ್ಟು ಮಾತಾಡಲು ಬಿಟ್ಟಿರಿ, ಮೂಲೆಯಲ್ಲಿ ಕೂತಾಕೆಯನ್ನು ಯಾಕೆ ಒಮ್ಮೆಯೂ ಕೇಳಲಿಲ್ಲ, ಎಲ್ಲ ಬರೆದುಕೊಂಡು ಪಾಠ ಮುಗಿದ ಮೇಲೆ ಜತೆಯವರ ಎದುರಿಗೇ ಓದುತ್ತಾರೆ. ಸೆಲ್ಟಾ ಈಗ ಆನ್‌ಲೈನಿನಲ್ಲೂ ಇದೆ, ಆದರೆ ಅಲ್ಲೂ ಪರದೆಯ ಆಚೆ ಕೂರುವವರು ಜೀವಂತ ಮನುಷ್ಯರೇ. ಖರ್ಚು ಲಕ್ಷ ರೂಪಾಯಿ ದಾಟುತ್ತದೆ, ಸೇರಿಸಿಕೊಳ್ಳುವ ಮೊದಲು ಸಂದರ್ಶನ ಬೇರೆ. ಇಷ್ಟು ಅವಮಾನವನ್ನು ದುಡ್ಡು ಕೊಟ್ಟು ಕೊಳ್ಳುವವರು ಕೊಳ್ಳಲಿ, ನೀವು ಆ ಕಡೆ ಹೋಗಬೇಡಿ. ಉಳಿದ ಕಂಪನಿಗಳು ಅದರಿಂದ 120 ಎಂಬ ಅಂಕಿಯನ್ನು ಎತ್ತಿಕೊಂಡು ಆ 6 ಗಂಟೆಯನ್ನು ಅಲ್ಲೇ ಬಿಟ್ಟಿವೆ. ನಿಮಗೆ ಬೇಕಾದದ್ದು ಅದೇ ಸರಕು.

120ಕ್ಕೇ ನಿಲ್ಲಬೇಡಿ. 150 ಗಂಟೆ, 180 ಗಂಟೆ, 250 ಗಂಟೆ, ಎಲ್ಲವೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಸಿಗುತ್ತವೆ. ವ್ಯತ್ಯಾಸವೇನು ಎಂದು ಪಠ್ಯಕ್ರಮ ಓದಲು ಹೋಗಬೇಡಿ. ದೊಡ್ಡ ಸಂಖ್ಯೆ ಯಾವುದೋ ಅದನ್ನು ಕೊಳ್ಳಿ. ಗಂಟೆಗಳು ಹೆಚ್ಚಾದಷ್ಟೂ ಮುಗಿಸಲು ಹಿಡಿಯುವ ಸಮಯ ಹೆಚ್ಚಾಗುತ್ತದೆ ಎಂಬ ಭಯ ಬೇಡ. 250 ಗಂಟೆಯ ಕೋರ್ಸನ್ನು ಬೀದರಿನಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಕೂತು, ಸಿಗ್ನಲ್ ಚೆನ್ನಾಗಿದ್ದರೆ ಸ್ಟ್ಯಾಂಡ್ ಬರುವಷ್ಟರಲ್ಲಿ ಅರ್ಧ ಮುಗಿಸಬಹುದು.

ಮುಗಿಸುವ ಕ್ರಮ ಹೀಗೆ. ವಿಡಿಯೊವನ್ನು ಎರಡು ಪಟ್ಟು ವೇಗಕ್ಕೆ ಇಟ್ಟು, ಧ್ವನಿ ಕಡಿಮೆ ಮಾಡಿ, ಫೋನನ್ನು ಬೋರಲು ಹಾಕಿ. ಕೊನೆಗೆ ಪ್ರಶ್ನೆ ಬರುತ್ತದೆ: ವಿದ್ಯಾರ್ಥಿಗೆ ಪಾಠ ಅರ್ಥವಾಗದಿದ್ದರೆ ನೀವೇನು ಮಾಡುತ್ತೀರಿ? ಉತ್ತರ ಒಂದು, ಅದೇ ವಾಕ್ಯವನ್ನು ಜೋರಾಗಿ ಹೇಳುತ್ತೇನೆ. ಉತ್ತರ ಎರಡು, ಹೊರಗೆ ನಿಲ್ಲಿಸುತ್ತೇನೆ. ಉತ್ತರ ಮೂರು, ಬೇರೆ ರೀತಿಯಲ್ಲಿ ವಿವರಿಸುತ್ತೇನೆ. ನೀವು ಕಲಿತ ಶಾಲೆಯ ನೆನಪಿನಿಂದ ಉತ್ತರಿಸಿದರೆ ಒಂದನ್ನೋ ಎರಡನ್ನೋ ಒತ್ತುತ್ತೀರಿ, ತಪ್ಪಾಗುತ್ತದೆ. ಚಿಂತೆಯಿಲ್ಲ, ಎಷ್ಟು ಸಲ ಬೇಕಾದರೂ ಒತ್ತಬಹುದು. ಹಸಿರು ಬಣ್ಣ ಬಂದೊಡನೆ ಮುಂದಿನ ಮಾಡ್ಯೂಲಿಗೆ ಹೋಗಿ. ಬೇರೆ ರೀತಿಯಲ್ಲಿ ವಿವರಿಸುವುದು ಎಂದರೆ ಹೇಗೆ ಎಂಬುದು ಪಠ್ಯದಲ್ಲಿಲ್ಲ, ನಿಮಗೂ ಬೇಕಿಲ್ಲ.

ಮಾನ್ಯತೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ, ಏಕೆಂದರೆ ಮನೆಯವರು ಕೇಳುವ ಒಂದೇ ಪ್ರಶ್ನೆ ಅದು. ಪುಟದ ಕೆಳಭಾಗಕ್ಕೆ ಹೋಗಿ ಲಾಂಛನಗಳನ್ನು ಎಣಿಸಿ. ಗರಿ, ಗೋಳ, ಸಿಂಹ, ಆಲಿವ್ ಎಲೆ, ಇವುಗಳಲ್ಲಿ ಮೂರಾದರೂ ಇರಬೇಕು. ಸರ್ಟಿಫಿಕೇಟಿನ ಮೂಲೆಯಲ್ಲಿ ಮದುವೆ ಕಾರ್ಡಿನ ಮೇಲಿನ ಗಣಪತಿಯಂತೆ ಬಂಗಾರದ ಬಣ್ಣದ ಮುದ್ರೆ ಹೊಳೆಯುತ್ತಿದ್ದರೆ ಇನ್ನೂ ಒಳ್ಳೆಯದು. ಇಡೀ ಜಗತ್ತಿಗೆ ಅನ್ವಯವಾಗುವಂತೆ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಒಂದೇ ಸಂಸ್ಥೆ ಎಲ್ಲೂ ಇಲ್ಲ. ಆದ್ದರಿಂದ ಯಾರು ಬೇಕಾದರೂ ಒಂದು ಮಂಡಳಿ ಮಾಡಿಕೊಂಡು ತಮ್ಮ ಕೋರ್ಸಿಗೆ ತಾವೇ ಮಾನ್ಯತೆ ಕೊಡಬಹುದು. ಮಾನ್ಯತೆ ಕೊಟ್ಟವರಿಗೆ ಮಾನ್ಯತೆ ಕೊಟ್ಟವರು ಯಾರು ಎಂದು ಕೇಳಬೇಡಿ. ಇಂಗ್ಲೆಂಡಿನಲ್ಲಿ ಆಫ್‌ಕ್ವಾಲ್ ಎಂಬ ಸರ್ಕಾರಿ ನಿಯಂತ್ರಕ ಸಂಸ್ಥೆಯಿದೆ. ತಾನು ಒಪ್ಪಿದ ಅರ್ಹತೆಗಳ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಜಾಲತಾಣದಲ್ಲಿ ಇಟ್ಟಿದೆ. ಕೋರ್ಸಿನ ಹೆಸರು ಟೈಪ್ ಮಾಡಿದರೆ ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಆ ನಿಮಿಷವನ್ನು ಉಳಿಸಿ.

ಮುದ್ರೆಯ ಮಹಿಮೆಯನ್ನು ಬೀದರಿನವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಬಹಮನಿ ದೊರೆಯ ವಜೀರ ಮಹಮೂದ್ ಗವಾನ್ ತಲೆ ಹೋದದ್ದೇ ಒಂದು ಮುದ್ರೆಯಿಂದ. ಆತನ ಮುದ್ರೆ ಕಾಯುತ್ತಿದ್ದವನನ್ನು ಒಲಿಸಿಕೊಂಡು ಶತ್ರುಗಳು ಖಾಲಿ ಕಾಗದಕ್ಕೆ ಠಸ್ಸೆ ಹಾಕಿಸಿದರು, ಒರಿಸ್ಸಾದ ರಾಜನಿಗೆ ಬರೆದ ದ್ರೋಹದ ಪತ್ರ ಎಂಬಂತೆ ಅದರ ಮೇಲೆ ಬರೆದು ಸುಲ್ತಾನನ ಮುಂದಿಟ್ಟರು. 1481ರಲ್ಲಿ ಗವಾನನ ಕತೆ ಮುಗಿಯಿತು. ಸುಲ್ತಾನ ಕೂಡ ಮುದ್ರೆಯನ್ನು ನೋಡಿದನೇ ಹೊರತು ಬೇರೇನನ್ನೂ ವಿಚಾರಿಸಲಿಲ್ಲ. ಅರಸರೇ ಹಾಕಿಕೊಟ್ಟ ಮೇಲ್ಪಂಕ್ತಿ, ಅನುಸರಿಸಿ.

ಗವಾನನಿಂದ ಇನ್ನೊಂದು ಉಪಕಾರ ಪಡೆಯಿರಿ. ಆತ ಇರಾನಿನ ಗೀಲಾನ್ ಕಡೆಯವ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿ ಹೊರದೇಶಗಳಿಂದ ಪಂಡಿತರನ್ನು ಕರೆಸಿದ, ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯ ಇಟ್ಟ. ಅಂದರೆ ಆಗ ಫಾರಿನ್ ಮಾಸ್ತರರು ಇಲ್ಲಿಗೇ ಬರುತ್ತಿದ್ದರು, ಸಂಬಳ ಇಲ್ಲೇ ಸಿಗುತ್ತಿತ್ತು. ಈ ಇತಿಹಾಸ ಓದಿ ಸಮಯ ಕಳೆಯಬೇಡಿ. ಸಂಜೆ ಬಿಸಿಲು ಓರೆಯಾದಾಗ ಉಳಿದಿರುವ ಒಂದು ಮಿನಾರಿನ ಎದುರು, ನೀಲಿ ಹೆಂಚು ಅಲ್ಲಲ್ಲಿ ಉದುರಿದ ಗೋಡೆ ಹಿಂದೆ ಬರುವಂತೆ ನಿಂತು, ಟೈ ಕಟ್ಟಿ ಫೋಟೊ ತೆಗೆಸಿಕೊಳ್ಳಿ. ಹಿನ್ನೆಲೆಯನ್ನು ತುಸು ಮಸುಕು ಮಾಡಿದರೆ ವಿಯೆಟ್ನಾಮಿನಲ್ಲಿ ಕೂತವರಿಗೆ ಅದು ನಿಮ್ಮ ಕಾಲೇಜಿನಂತೆ ಕಾಣುತ್ತದೆ.

ಹೈದರಾಬಾದಿನ ಕಡೆ ಮಾತ್ರ ತಲೆ ಹಾಕಬೇಡಿ. ಬೀದರಿನಲ್ಲಿ ಬೆಳಗಿನ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಆ ಊರಿನಲ್ಲಿ, ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಹೇಳಿಕೊಡಲೆಂದೇ 1958ರಲ್ಲಿ ಕೇಂದ್ರ ಸರ್ಕಾರ ಒಂದು ಸಂಸ್ಥೆ ತೆರೆಯಿತು. ಈಗ ಅದು ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾಲಯ. ದೂರಶಿಕ್ಷಣದಲ್ಲೂ ಇಂಗ್ಲಿಷ್ ಬೋಧನೆಯ ಕೋರ್ಸು ನಡೆಸಿಕೊಂಡು ಬಂದಿದೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ, ಸರ್ಕಾರಿ ಶಾಲೆಯ ಶಿಕ್ಷಕರನ್ನು ಕರೆಸಿ ತರಬೇತಿ ಕೊಡುತ್ತದೆ. ಇವೆರಡರ ದೋಷ ಒಂದೇ: ಅಲ್ಲಿ ಓದಬೇಕಾಗುತ್ತದೆ. ಹತ್ತಿರದಲ್ಲಿರುವುದು, ಗೊತ್ತಿರುವವರು ಕಲಿತು ಬಂದದ್ದು, ಸರ್ಕಾರದ್ದು, ಈ ಮೂರು ಗುಣ ಒಂದೇ ಕಡೆ ಕಂಡರೆ ಓಡಿ. ಯಾರೂ ಕಣ್ಣಾರೆ ಕಾಣದ ಸಂಸ್ಥೆಯ ಮೇಲೆ ಯಾರಿಗೂ ದೂರಿರುವುದಿಲ್ಲ.

ಈಗ ದೇಶ ಆರಿಸಬಹುದು. ದಕ್ಷಿಣ ಕೊರಿಯಾದ ಹಾಡು ಕೇಳಿದ್ದೀರಿ, ಸೀರಿಯಲ್ ನೋಡಿದ್ದೀರಿ, ಅದನ್ನೇ ಆರಿಸಿ. ಅಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ 7 ದೇಶಗಳ ಪಾಸ್‌ಪೋರ್ಟಿನವರಿಗೆಂದು ಇಟ್ಟಿದ್ದಾರೆ. ಚೀನಾ ಕೂಡ ಸಾಮಾನ್ಯವಾಗಿ ಅದೇ ಸಾಲಿನವರನ್ನು ಹುಡುಕುತ್ತದೆ. ಭಾರತ ಮತ್ತು ಕೊರಿಯಾ ನಡುವೆ 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಭಾರತೀಯ ಇಂಗ್ಲಿಷ್ ಸಹಾಯಕ ಶಿಕ್ಷಕರಿಗೆ ಒಂದು ಕಿರುಬಾಗಿಲು ಇದೆಯಾದರೂ ಅದು ಪದವಿಯ ಜತೆಗೆ ಶಿಕ್ಷಕನಾಗುವ ಅರ್ಹತೆಯನ್ನೂ ಕೇಳುತ್ತದೆ. ಗಲ್ಫಿನ ಭಾರತೀಯ ಶಾಲೆಗಳು ಬಿ.ಇಡಿ. ಕೇಳುತ್ತವೆ. ಥಾಯ್ಲೆಂಡ್ ಪದವಿಯ ಮೇಲೆ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯನ್ನೂ ಕೇಳುತ್ತದೆ. ನೋಡಿದಿರಾ, ಕೋರ್ಸ್ ಕೊಳ್ಳುವ ಮೊದಲೇ ಇದನ್ನೆಲ್ಲ ಓದಿದ್ದರೆ ಏನಾಗುತ್ತಿತ್ತು? 250 ಗಂಟೆ ಕೈತಪ್ಪುತ್ತಿತ್ತು. ಈಗ ದುಡ್ಡು ಕಟ್ಟಿಯಾಗಿದೆ, ಧೈರ್ಯವಾಗಿ ಓದಿ.

ಬಯೋಡೇಟಾ ಬರೆಯುವಾಗ ಕೈ ಬಿಗಿ ಹಿಡಿಯಿರಿ. ಔರಾದಿನ ಸಂತೆಯಲ್ಲಿ ಬೆಳೆದ ಹುಡುಗನಿಗೆ ಕನ್ನಡ, ಮರಾಠಿ, ದಖನಿ ಬರುತ್ತವೆ, ತೆಲಂಗಾಣದ ಕಡೆ ನೆಂಟರಿದ್ದರೆ ತೆಲುಗೂ ಬರುತ್ತದೆ. ಒಂದು ನುಡಿಯಿಂದ ಇನ್ನೊಂದಕ್ಕೆ ಹಾರುವ ಈ ಅಭ್ಯಾಸವನ್ನು ಭಾಷೆ ಕಲಿಸುವವರು ಬಹಳ ಮೆಚ್ಚುತ್ತಾರೆ, ಆದ್ದರಿಂದ ಮುಚ್ಚಿಡಿ. ‘ತಿಳಿದ ಭಾಷೆ: ಇಂಗ್ಲಿಷ್’ ಎಂದಷ್ಟೇ ಬರೆಯಿರಿ. ಉಚ್ಚಾರಕ್ಕೆ ಅಮೆರಿಕದ ವಿಡಿಯೊ ನೋಡಿ ನಾಲಗೆ ಮಡಚುವುದನ್ನು ರೂಢಿಸಿಕೊಳ್ಳಿ. ಸಂದರ್ಶನದ ನಡುವೆ ಅಡುಗೆಮನೆಯಿಂದ ಅವ್ವ ‘ರೊಟ್ಟಿ ಆರ್ಲತ್ತದ, ಬಾರೋ’ ಎಂದು ಕರೆದರೆ ನೆಟ್‌ವರ್ಕ್ ಹೋದಂತೆ ಮುಖವನ್ನು ಅಲ್ಲಾಡದೆ ಇಟ್ಟುಕೊಳ್ಳಿ.

ಅನುಭವ ಎಂಬ ಕಾಲಂ ಬರುತ್ತದೆ. ಇಲ್ಲಿ ಕೆಲವರು ಎಡವುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕರ್ನಾಟಕದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯ. ಕಲಿಸುವವರು ಸಾಲದೆ ಸರ್ಕಾರಿ ಶಾಲೆಗಳು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತವೆ. ಔರಾದಿನ ಗಡಿಯ ಯಾವುದಾದರೂ ಹಳ್ಳಿಯ ಶಾಲೆಗೆ ಹೋಗಿ ನೋಡಿ. ಬೇಡ, ಹೋಗಬೇಡಿ, ನಾನೇ ಹೇಳುತ್ತೇನೆ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಮರಾಠಿ ಆಡುವ ಹುಡುಗ, ತಾಂಡಾದಿಂದ ನಡೆದು ಬಂದ ಲಂಬಾಣಿ ಹುಡುಗಿ, ದಖನಿಯವನೊಬ್ಬ, ತೆಲುಗಿನವಳೊಬ್ಬಳು. ಪಾಠದ ಮಾಧ್ಯಮವೇ ಅರ್ಧ ಮಕ್ಕಳಿಗೆ ಎರಡನೇ ಭಾಷೆ, ಅದರ ಮೇಲೆ ಇಂಗ್ಲಿಷ್. ಮಾಸ್ತರ ಚಿತ್ರ ತೋರಿಸಬೇಕು, ಕಲ್ಲು ಎಣಿಸಬೇಕು, ಕುಳಿತು, ಎದ್ದು, ಕುಂಟಿ, ಮೇಜಿನ ಮೇಲೆ ಹತ್ತಿ ಇಳಿದು ತೋರಿಸಬೇಕು. ನಾಲ್ಕು ಮನೆಮಾತಿನ ಮಕ್ಕಳು ಕೊನೆಗೆ ಒಟ್ಟಿಗೆ ಒಂದು ಇಂಗ್ಲಿಷ್ ವಾಕ್ಯ ಹೇಳಿ ನಗುವವರೆಗೆ ಬಿಡುವಿಲ್ಲ. ನಿಮ್ಮ ಕೋರ್ಸಿನ ನಾಲ್ಕನೇ ಮಾಡ್ಯೂಲು, ಬಹುಭಾಷಿಕ ತರಗತಿ ನಿಭಾಯಿಸುವುದು, ಇದನ್ನೇ ಬ್ಯಾಂಕಾಕಿನ ಫೋಟೊ ಹಾಕಿ ಹೇಳುತ್ತದೆ. ನೀವು ಆ ಫೋಟೊ ನೋಡಿದ್ದೀರಿ, ಸಾಕು. ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ ಎಂಬ ಅವರ ದೂರು ನಿಜ. ಅಲ್ಲಿ ಕಲಿಸಲು ಹೋಗದಿರುವುದಕ್ಕೆ ನೀವು ಅದನ್ನೇ ಕಾರಣವಾಗಿ ಹೇಳಿದರೆ ಯಾರೂ ಎದುರಾಡುವುದಿಲ್ಲ.

ಭಾಲ್ಕಿಯವರಿಗೆ ಒಂದು ವಿಶೇಷ ಸೂಚನೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ತಂತ್ರದಲ್ಲಿ ಫಲಕದ ಭಾಗವನ್ನಷ್ಟೇ ತೆಗೆದುಕೊಳ್ಳಿ. ಮನೆಯ ಮುಂದಿನ ಕೋಣೆಗೆ ಇಂಗ್ಲಿಷಿನಲ್ಲಿ ‘ಅಂತರರಾಷ್ಟ್ರೀಯ’ ಎಂದು ಬೋರ್ಡ್ ಹಾಕಿಸಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಡಿ, ಅನುಭವದ ಕಾಲಂನಲ್ಲಿ ‘ಸಂಸ್ಥಾಪಕ ನಿರ್ದೇಶಕ’ ಎಂದು ಬರೆದುಕೊಳ್ಳಿ. ಒಳಗೆ ಏನೂ ಕಲಿಸುವ ಅಗತ್ಯವಿಲ್ಲ.

ಕಾಗದಪತ್ರಕ್ಕೆ ಬನ್ನಿ. ಪಿಡಿಎಫ್ ಬಂದ ದಿನವೇ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಬಣ್ಣದ ಪ್ರಿಂಟ್ ತೆಗೆಸಿ. ಅದರ ಜತೆ ಪದವಿ ಪ್ರಮಾಣಪತ್ರ, ಅಂಕಪಟ್ಟಿ, ಎಲ್ಲ ಮೂಲ ಪ್ರತಿಗಳನ್ನೂ ಲ್ಯಾಮಿನೇಟ್ ಮಾಡಿಸಿ. ಹೊರದೇಶದ ಕೆಲಸಕ್ಕೆ ಪದವಿಯನ್ನು ರಾಜ್ಯದ ಮಟ್ಟದಲ್ಲಿ ದೃಢೀಕರಿಸಿ, ಆಮೇಲೆ ವಿದೇಶಾಂಗ ಸಚಿವಾಲಯದಿಂದ ಅಪಾಸ್ಟಿಲ್ ಎಂಬ ಚೀಟಿ ಅಂಟಿಸಿಕೊಳ್ಳಬೇಕಾಗುತ್ತದೆ. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಠಸ್ಸೆ ಬೀಳುವುದೂ ಚೀಟಿ ಅಂಟುವುದೂ ಮೂಲ ಕಾಗದದ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ಅಲ್ಲ. ಅದಕ್ಕೇ ನೀಟಾಗಿ ಲ್ಯಾಮಿನೇಟ್ ಮಾಡಿಸಿ, ನಾಲ್ಕೂ ಅಂಚು ಗಾಳಿ ಹೋಗದಂತೆ ಮುಚ್ಚಿರಲಿ. ಮಳೆಗಾಲದಲ್ಲಿ ಹಾಳಾಗುವುದಿಲ್ಲ.

ಏಜೆಂಟನನ್ನು ಹುಡುಕುವುದು ಸುಲಭ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಇರುತ್ತದೆ. ಸೇವಾಶುಲ್ಕ ಎಂದು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಬೇಕು. ಇಷ್ಟು ಕಡಿಮೆಗೆ ಕೆಲಸ ಕೊಡಿಸುವವನನ್ನು ಹೇಗೆ ನಂಬುತ್ತೀರಿ? ಎರಡು ಲಕ್ಷ ಕೇಳುವವನನ್ನು ನಂಬಿ. ಆಫೀಸು ಬೇಡ, ಚಹದ ಅಂಗಡಿಯಲ್ಲಿ ಸಿಗಲಿ. ‘ವಿಸಿಟ್ ವೀಸಾ ಮ್ಯಾಲ ಹೋಗ್ರಿ, ಅಲ್ಲಿ ಹೋದ ಮ್ಯಾಲ ಚೇಂಜ್ ಮಾಡಸ್ತೀನಿ’ ಎಂದರೆ ಕೈ ಕುಲುಕಿ, ಚಹದ ದುಡ್ಡು ನೀವೇ ಕೊಡಿ.

ಮರಳಿ ಬರುವ ಟಿಕೆಟಿನ ಚಿಂತೆ ಈಗಲೇ ಬೇಡ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ, ಮ್ಯಾನ್ಮಾರಿನ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳೇ ಹೋಗಿ ಕರೆತಂದವು. ವಾಯುಪಡೆಯ ವಿಮಾನ ಬೀದರಿನವರಿಗೆ ಹೊಸದೇನಲ್ಲ. ಮಾಳಿಗೆ ಹತ್ತಿದರೆ ಸೂರ್ಯಕಿರಣ ತಂಡದ ಕಸರತ್ತು ಪುಕ್ಕಟೆ ಕಾಣುವ ಊರು. ಒಮ್ಮೆ ಒಳಗೆ ಕೂತೂ ನೋಡಿದಂತಾಗುತ್ತದೆ.

ಹೋಗಲು ಆಗಲೇ ಇಲ್ಲ ಎನ್ನಿ. ಬಹುತೇಕ ಓದುಗರು ಇದೇ ಹಂತಕ್ಕೆ ಬಂದು ನಿಲ್ಲುತ್ತಾರೆ, ಗಾಬರಿಯಾಗಬೇಡಿ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಹಿರಿಯರು ‘ಏನ್ ಮಾಡ್ಲತ್ತೀಯೋ ಈಗ?’ ಎಂದು ಕೇಳಿದರೆ ‘ವೀಸಾ ಪ್ರೊಸೆಸ್‌ನ್ಯಾಗ ಅದಾ ಕಾಕಾ’ ಎನ್ನಿ. ಈ ಉತ್ತರ ಮೂರು ವರ್ಷ ಕೆಡದೆ ಬಾಳುತ್ತದೆ. ನಡುವೆ ಸರ್ಟಿಫಿಕೇಟಿಗೆ ಹೊಸ ಮಾಡ್ಯೂಲ್ ಸೇರಿಸುತ್ತಿರಿ: ಎಳೆಯರಿಗೆ ಇಂಗ್ಲಿಷ್, ವ್ಯಾಪಾರಿಗಳಿಗೆ ಇಂಗ್ಲಿಷ್, ಒಬ್ಬೊಬ್ಬರಿಗೇ ಪ್ರತ್ಯೇಕ ಇಂಗ್ಲಿಷ್. ರಿಯಾಯಿತಿ ನಡೆಯುತ್ತಲೇ ಇರುತ್ತದೆ.

ಒಂದು ಅಪಾಯದ ಬಗ್ಗೆ ಎಚ್ಚರಿಸಲೇಬೇಕು. ನಿಮ್ಮ ಗೋಡೆಯ ಮೇಲಿನ ಬಂಗಾರದ ಮುದ್ರೆ ನೋಡಿ ಪಕ್ಕದ ಮನೆಯ ಹುಡುಗಿ ಹತ್ತನೇ ತರಗತಿಯ ಪುಸ್ತಕ ಹಿಡಿದು ಬಂದೇ ಬರುತ್ತಾಳೆ. ‘ಅಣ್ಣಾ, ಪ್ಯಾಸಿವ್ ವಾಯ್ಸ್ ತಿಳಿಲಾಕ ವಲ್ದು, ಒಂಚೂರು ಹೇಳ್ಕೊಡ್ರಿ’ ಎನ್ನುತ್ತಾಳೆ. ಹೇಳಿಕೊಡಬೇಡಿ. ಹೇಳಿಕೊಟ್ಟರೆ ಅವಳು ಸುಮ್ಮನೆ ತಲೆಯಾಡಿಸುತ್ತಾಳೆ, ಅರ್ಥವಾಗಿರುವುದಿಲ್ಲ, ಆಗ ನೀವು ಬೇರೆ ರೀತಿಯಲ್ಲಿ ವಿವರಿಸಬೇಕಾಗುತ್ತದೆ. ನಾಳೆ ಗೆಳತಿಯರಿಬ್ಬರನ್ನು ಕರೆತರುತ್ತಾಳೆ, ಪರೀಕ್ಷೆ ಹತ್ತಿರ ಬಂದಂತೆ ಇನ್ನೂ ನಾಲ್ವರು, ಹೀಗೆ ನಿಮಗೆ ಗೊತ್ತಿಲ್ಲದೆಯೇ ಆ 6 ಗಂಟೆ ತುಂಬಿಹೋಗುತ್ತದೆ. ಬಾಗಿಲಲ್ಲೇ ನಿಲ್ಲಿಸಿ, ವಾಟ್ಸಾಪಿಗೆ ಕೋರ್ಸಿನ ಲಿಂಕ್ ಕಳಿಸಿ, ದುಡ್ಡು ಕಟ್ಟುವಾಗ ನಿಮ್ಮ ರೆಫರಲ್ ಕೋಡ್ ಹಾಕಲು ಮರೆಯಬೇಡ ಎಂದು ಹೇಳಿ. ಕಮಿಷನ್ ನಿಮ್ಮ ಖಾತೆಗೆ ಜಮೆಯಾಗುತ್ತದೆ, ಮುಂದಿನ ಕೋರ್ಸಿಗೆ ಬಳಸಬಹುದು.